ಚಿಂಚೋಳಿಗೆ ಹೋಗು ಮಗಳೇ

ಬೀದರ್

ಚಿ. ಮಹಾದೇವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನೆ ನಿಮ್ಮವ್ವ ಫೋನ್ ಮಾಡಿದ್ದರು. ನಿಮ್ಮ ಎಂ.ಎಸ್ಸಿ. ಕ್ಲಾಸಿನವರನ್ನು ಫೀಲ್ಡ್ ವರ್ಕಿಗೆ, ಅಂದರೆ ಕಣ್ಣಾರೆ ನೋಡಿ ಕಲಿಯಲು, ಚಿಂಚೋಳಿ ಕಾಡಿಗೆ ಕರೆದುಕೊಂಡು ಹೋಗುತ್ತಾರಂತೆ, ನೀನು ಒಲ್ಲೆ ಅಂದೆಯಂತೆ. "ಆಗುಂಬೆ ಆಗಿದ್ರ ಹೋಗ್ತಿದ್ದೆ, ಚಿಂಚೋಳ್ಯಾಗ ಏನದ?" ಅಂದ ನಿನ್ನ ಮಾತು ಕೇಳಿ ನನಗೆ ಸಂಕಟವಾಯಿತು. ಅದಕ್ಕೇ ಈ ಪತ್ರ.

ಆಗುಂಬೆಗೂ ಒಮ್ಮೆ ಹೋಗು, ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಸಲ ಹೋಗಲು ಆದೀತು? ಚಿಂಚೋಳಿಗೆ ಕಲಬುರಗಿಯಿಂದ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಸುಮಾರು 134 ಚದರ ಕಿ.ಮೀ. ಕಾಡು, 2011ರಲ್ಲಿ ವನ್ಯಜೀವಿಧಾಮ ಆಯಿತು. ಅದು ಎಲೆ ಉದುರಿಸುವ ಕಾಡು. ನೀರು ಉಳಿಸಲು ಗಿಡ ಎಲೆ ಬಿಡುತ್ತದೆ ಅಂತ ನೀನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿರುತ್ತೀ. ಮಾರ್ಚ್ ಹೊತ್ತಿಗೆ ಅಲ್ಲಿ ಒಂದು ಮುತ್ತಲ ಗಿಡದ ಎದುರು ಅರ್ಧ ಗಂಟೆ ಸುಮ್ನೆ ಕೂತು ನೋಡು. ಮೈತುಂಬ ಕೆಂಡದಂಥ ಹೂ, ಎಲೆ ಹುಡುಕಿದರೂ ಸಿಗುವುದಿಲ್ಲ. ಯಾವ ಹಕ್ಕಿ ಬಂತು, ಕೊಕ್ಕು ಎಲ್ಲಿ ಹಾಕಿತು, ಎಷ್ಟು ಹೊತ್ತು ಇತ್ತು? ಜುಲೈನಲ್ಲಿ ಮತ್ತೆ ಅದೇ ಗಿಡದ ಹತ್ತಿರ ಹೋಗು. ಒಂದೇ ಗಿಡವನ್ನು ಎರಡು ಕಾಲದಲ್ಲಿ ನೋಡಿದರೆ ಎಷ್ಟು ಪ್ರಶ್ನೆ ಹುಟ್ಟುತ್ತವೆ ಅಂತ ಆಗ ತಿಳಿಯುತ್ತದೆ.

ನೋಡಿದ್ದನ್ನು ಅಲ್ಲೇ ಬರೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಓದುವಾಗ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗಿದ್ದೆವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮೊದಲ ಸಲ ನೋಡಿದ್ದು ಅಲ್ಲೇ. ಖುಷಿಯಲ್ಲಿ ಒಂದಕ್ಷರ ಬರೆಯಲಿಲ್ಲ. ವಾರದ ಮೇಲೆ ರೆಕಾರ್ಡ್ ಬರೆಯಲು ಕೂತಾಗ ನಾನು ನೂರು ಅಂತ ಬರೆದೆ, ಗೆಳೆಯ ನಾನೂರು ಅಂತ ಬರೆದ. ಎಷ್ಟು ಗಂಟೆಗೆ, ಕೆರೆಯ ಯಾವ ದಂಡೆಯಲ್ಲಿ, ಮೇಯುತ್ತಿದ್ದವೋ ಮಲಗಿದ್ದವೋ ಅಂತ ಗುರುಗಳು ಕೇಳಿದರು. ಇಬ್ಬರೂ ತಲೆ ತಗ್ಗಿಸಿ ನಿಂತೆವು. ಆ ದಿನ ಕಂಡದ್ದೆಲ್ಲ ಹಾಗೇ ಹೋಯಿತು, ಈಗಲೂ ಬೇಜಾರಾಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗಿ, ಆದರೆ ಜೊತೆಗೆ ಪೆನ್ಸಿಲ್ ಇರಲಿ. ದಿನಾಂಕ, ಹೊತ್ತು, ಜಾಗ, ಎಣಿಕೆ ಮೊದಲು. ಹೆಸರು ಗೊತ್ತಾಗದಿದ್ದರೆ ಗುರುತು ಬರೆ, ಹೆಸರು ಆಮೇಲೆ ಸಿಗುತ್ತದೆ. ತಾಂಡಾದ ಅಜ್ಜಿಯರನ್ನು, ಕುರಿ ಕಾಯುವವರನ್ನು ಕೇಳು. ಅವರು ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆದುಕೋ.

ನೀನು ಈ ಕೆಲಸಕ್ಕೆ ಹೊಸಬಳೂ ಅಲ್ಲ. ನಮ್ಮ ತೊಗರಿ ಹೊಲದಲ್ಲಿ ಗಿಡ ಅಲುಗಾಡಿಸಿ ಕಾಯಿಕೊರಕ ಹುಳ ಉದುರಿಸುವಾಗ ಕೆಳಗೆ ಹಳೆ ಸೀರೆ ಹಿಡಿದಿದ್ದವಳು ನೀನೇ ಅಲ್ವಾ? ಒಂದು ಗಿಡಕ್ಕೆ ಎಷ್ಟು ಹುಳ, ಬದುವಿನ ಕಡೆ ಜಾಸ್ತಿಯೋ ನಡುವೆ ಜಾಸ್ತಿಯೋ ಅಂತ ಆಗ ಎಣಿಸಿದ್ದರೆ ಅದೇ ಫೀಲ್ಡ್ ವರ್ಕ್ ಆಗುತ್ತಿತ್ತು. ಹಕ್ಕಿ ಕೂರಲಿ ಅಂತ ನಿಮ್ಮಪ್ಪ ಕಟ್ಟಿಗೆ ನೆಡುತ್ತಾನಲ್ಲ, ಅದರ ಮೇಲಿನ ಕಾಜಾಣ ಗಂಟೆಗೆ ಎಷ್ಟು ಸಲ ಕೆಳಗಿಳಿಯುತ್ತದೆ? ಈ ದೀಪಾವಳಿಗೆ ಊರಿಗೆ ಬಂದಾಗ ನೋಡು.

ಕಾಡಿನಲ್ಲಿ ಬೂಟು ಹಾಕು, ನೀರು ಜಾಸ್ತಿ ಒಯ್ಯಿ. ಕಲ್ಲಿನ ಕೆಳಗೆ ಕೈ ಹಾಕಬೇಡ, ಅಂಥ ಒಣ ನೆಲದಲ್ಲಿ ಗರಗಸ ಮಂಡಲ ಹಾವು ಇರುತ್ತದೆ. ಯಾರಿಗಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ನೇರ ಆಸ್ಪತ್ರೆಗೆ. ವನ್ಯಜೀವಿಧಾಮದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಕೀಳಬಾರದು. ಹರ್ಬೇರಿಯಂಗೆ, ಅಂದರೆ ಒಣಗಿಸಿ ಅಂಟಿಸಿ ಇಡುವ ಸಂಗ್ರಹಕ್ಕೆ, ಬೇಕಾದ ಗಿಡ ನಮ್ಮ ಬದುವಿನಲ್ಲೇ ಬೇಕಾದಷ್ಟಿವೆ.

ನನ್ನ ಹಳೆ ದುರ್ಬೀನು ಕಳಿಸಿಕೊಡುತ್ತೇನೆ. ಬಲಗಣ್ಣಿನ ಕಡೆ ಸ್ವಲ್ಪ ತಿರುಗಿಸಿಕೋ, ಸರಿಯಾಗಿ ಕಾಣುತ್ತದೆ. ಚಿಂಚೋಳಿಯಿಂದ ಬಂದ ಮೇಲೆ ಒಂದು ಭಾನುವಾರ ಇಲ್ಲಿಗೆ ಬಾ, ಹೊನ್ನಿಕೇರಿ ಕಾಡಿನ ಕಡೆ ಚಿಗರಿ (ಕೃಷ್ಣಮೃಗ) ನೋಡಲು ಹೋಗೋಣ. ಬರುವಾಗ ನೋಟ್‌ಬುಕ್ ತಾ, ನಾನು ಓದಬೇಕು.

ನಿನ್ನ ಕಾಕಾ