ಪ್ರಶಸ್ತಿಗೂ ಮೊದಲು ಕಲಾವಿದರಿಗೆ ಮನೆ ಕೊಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೇಷ್ಟ್ರು. ಸುತ್ತಮುತ್ತಲ ಊರಿನ ಕಲಾವಿದರು ಮಾಸಾಶನಕ್ಕೋ, ಮನೆಗೋ, ಪ್ರಶಸ್ತಿಗೋ ಅರ್ಜಿ ಹಾಕಬೇಕಾದಾಗ ನನ್ನ ಹತ್ತಿರ ಬರುತ್ತಾರೆ. ಕೂತು ಬರೆದುಕೊಡುತ್ತೇನೆ. ಅವರ ಬದುಕಿನ ಎಷ್ಟೋ ಸಂಗತಿಗಳಿಗೆ ಆ ಅರ್ಜಿಗಳಲ್ಲಿ ಜಾಗವೇ ಇರುವುದಿಲ್ಲ. ಅವನ್ನು ನಿಮಗೆ ನೇರವಾಗಿ ಹೇಳೋಣ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಇನ್ನೊಂದು ಪ್ರಶಸ್ತಿಯನ್ನಲ್ಲ. ರಾಜ್ಯೋತ್ಸವ ಪ್ರಶಸ್ತಿ ಇದೆ. ಜಾನಪದ ಶ್ರೀ ಇದೆ, ಗುಬ್ಬಿ ವೀರಣ್ಣ ಪ್ರಶಸ್ತಿ ಇದೆ, ಜಕಣಾಚಾರಿ ಪ್ರಶಸ್ತಿ ಇದೆ, ದಸರಾದಲ್ಲಿ ಕೊಡುವ ರಾಜ್ಯ ಸಂಗೀತ ವಿದ್ವಾನ್ ಇದೆ. ಅಕಾಡೆಮಿಗಳ ಗೌರವ ಬೇರೆ. ಅವೆಲ್ಲ ಇರಲಿ, ಪಡೆದವರಿಗೆ ಅದು ದೊಡ್ಡ ಸಂತೋಷ. ಆದರೆ ಅವು ಸಿಗುವುದು ಬೆರಳೆಣಿಕೆಯ ಜನಕ್ಕೆ, ಅದೂ ಹೆಚ್ಚಿನವರಿಗೆ ವಯಸ್ಸಾದ ಮೇಲೆ. ಉಳಿದವರು ಜೀವನವಿಡೀ ಬಾಡಿಗೆ ಮನೆಯಲ್ಲೋ, ಸೋರುವ ಹೆಂಚಿನ ಕೆಳಗೋ ಇದ್ದುಕೊಂಡೇ ಹಾಡುತ್ತಾರೆ, ಕುಣಿಯುತ್ತಾರೆ. ಅವರಿಗೆ ಮೊದಲು ಮನೆ ಆಗಬೇಕು. ಮಾಡಿದ ಕೆಲಸದ ದುಡ್ಡು ಸಮಯಕ್ಕೆ ಕೈಸೇರಬೇಕು. ನನ್ನ ಬೇಡಿಕೆ ಇಷ್ಟೇ.

ನಮ್ಮ ಕಡೆಯ ಪೌರಾಣಿಕ ನಾಟಕಗಳ ವಿಷಯ ನಿಮಗೆ ಗೊತ್ತಿರುತ್ತದೆ. ಮಂಡ್ಯದ ಕಲಾಮಂದಿರದಲ್ಲಿ, ಹಳ್ಳಿಯ ಬಯಲಿನಲ್ಲಿ, ರಾತ್ರಿ ಶುರುವಾದ ಕುರುಕ್ಷೇತ್ರ ಮುಗಿಯುವಾಗ ಬೆಳಕು ಹರಿದಿರುತ್ತದೆ. ಪಾತ್ರ ಮಾಡುವವರು ರೈತರು, ಆಟೋ ಓಡಿಸುವವರು, ಅಂಗಡಿಯವರು. ಪಾತ್ರಕ್ಕೆ ದುಡ್ಡು ತೆಗೆದುಕೊಳ್ಳುವುದಿರಲಿ, ತಾವೇ ಕೊಡುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಧರ್ಮರಾಯನಿಗೆ ಸ್ವಲ್ಪ ಕಡಿಮೆ. ಆ ದುಡ್ಡಿನಲ್ಲೇ ಸೀನರಿಯವರಿಗೆ, ಮೇಕಪ್ಪಿನವರಿಗೆ, ಮೈಕಿನವರಿಗೆ, ತಬಲದವರಿಗೆ, ಹೊರಗಿನಿಂದ ಬರುವ ಸ್ತ್ರೀಪಾತ್ರದ ಕಲಾವಿದೆಯರಿಗೆ ಹಂಚಬೇಕು. ಇದಕ್ಕೆ ಯಾವ ಇಲಾಖೆಯ ಅನುದಾನವನ್ನೂ ಕಾಯದೆ ಊರೇ ಖರ್ಚು ಹಾಕುತ್ತದೆ. ಕಲಾಪೋಷಕರು ಅಂದರೆ ಯಾರೋ ದೊಡ್ಡ ಶ್ರೀಮಂತರು ಅಂದುಕೊಂಡಿರುತ್ತೇವೆ. ಕಬ್ಬಿನ ಬಿಲ್ಲು ಬಂದ ಕೂಡಲೇ ಅದರಲ್ಲೊಂದು ಪಾಲು ನಾಟಕಕ್ಕೆ ಎತ್ತಿಡುವ ರೈತನೂ ಕಲಾಪೋಷಕನೇ ಅಲ್ವಾ?

ಈ ನಾಟಕದ ಬೆನ್ನೆಲುಬು ಹಾರ್ಮೋನಿಯಂ ಮೇಷ್ಟ್ರು. ಓದು ಬಾರದವರಿಗೂ ನಾಟಕದ ಕಂದ, ವೃತ್ತದಂಥ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಶ್ರುತಿಗೆ ನಿಲ್ಲದ ಗಂಟಲನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಮೇಷ್ಟ್ರು ಸಂಜೆ ಊಟ ಮುಗಿಸಿ ದೇವಸ್ಥಾನದ ಜಗುಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಏಳುವುದು ನಡುರಾತ್ರಿಗೆ. ಎಡಗೈ ತಿದಿ ಒತ್ತುತ್ತಿರುತ್ತದೆ, ಬಲಗೈ ಸ್ವರದ ಮನೆಗಳ ಮೇಲೆ ಓಡುತ್ತಿರುತ್ತದೆ, ಕಣ್ಣು ಮಾತ್ರ ಪಾತ್ರಧಾರಿಯ ತುಟಿ ಮೇಲೆ. ಒಂದು ಅಕ್ಷರ ತಪ್ಪಿದರೂ ಪೆಟ್ಟಿಗೆ ನಿಲ್ಲಿಸಿಬಿಡುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಅವರ ಶಿಷ್ಯರಿಲ್ಲದ ಊರಿಲ್ಲ. ಅವರಿರುವುದು ತಮ್ಮನ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ. ಮಳೆ ಬಂದರೆ ಮೊದಲು ಪ್ಲಾಸ್ಟಿಕ್ ಹೊದಿಸುವುದು ಹಾರ್ಮೋನಿಯಂಗೆ, ಆಮೇಲೆ ತಮ್ಮ ಹಾಸಿಗೆಗೆ.

ಅವರಿಗೆ ಮನೆಗೆ ಅರ್ಜಿ ಹಾಕಿಸಲು ಹೋದಾಗ ಮೊದಲು ಎದುರಾದ ಪ್ರಶ್ನೆ, ನಿವೇಶನ ಇದೆಯಾ ಅಂತ. ಬಸವ ವಸತಿಯಂಥ ಯೋಜನೆಯಲ್ಲಿ ಸರ್ಕಾರ ಮನೆ ಕಟ್ಟಲು ಸಹಾಯಧನ ಕೊಡುತ್ತದೆ, ಆದರೆ ಕಟ್ಟಲು ಜಾಗ ನಮ್ಮದಿರಬೇಕು. ಊರೂರು ಸುತ್ತಿ ಬದುಕಿದವರಿಗೆ ಜಾಗ ಎಲ್ಲಿಂದ ಬರುತ್ತದೆ? ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಂಸಾಳೆ ಹಿಡಿದ ದೇವರಗುಡ್ಡರು, ತಮಟೆಯವರು, ಪೂಜಾ ಕುಣಿತದವರು, ಇವರಲ್ಲಿ ಹೆಚ್ಚಿನವರಿಗೆ ಜಮೀನಿಲ್ಲ. ಜಾತ್ರೆ ಕಾಲದಲ್ಲಿ ಒಂದಿಷ್ಟು ದುಡಿಮೆ. ಆಷಾಢ ಬಂದರೆ ಕೂಲಿಗೋ ಆಲೆಮನೆ ಕೆಲಸಕ್ಕೋ ಹೋಗಬೇಕು.

ಸ್ತ್ರೀಪಾತ್ರ ಮಾಡುವ ಕಲಾವಿದೆಯರ ಕಷ್ಟ ಇನ್ನೊಂದು ಥರ. ನಾಟಕ ಮುಗಿಸಿ ಅವರು ಮನೆ ಸೇರುವುದು ಬೆಳಗಿನ ಜಾವ. ಅದನ್ನು ನೋಡಿದ ಓಣಿಯ ಜನ ಏನೇನೋ ಮಾತಾಡುತ್ತಾರೆ. ಮುಂದಿನ ತಿಂಗಳು ಮನೆ ಮಾಲೀಕರು ಖಾಲಿ ಮಾಡಿ ಅನ್ನುತ್ತಾರೆ. ನಾಟಕದವರಿಗೆ ಮನೆ ಕೊಡಲ್ಲ ಅಂತ ಮುಖದ ಮೇಲೆ ಹೇಳಿದವರೂ ಉಂಟು. ರಂಗದ ಮೇಲೆ ದ್ರೌಪದಿಗೆ ಕೈಮುಗಿಯುವ ಜನವೇ ಆಕೆಗೆ ಬಾಡಿಗೆಗೆ ಮನೆ ಕೊಡುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ. ಈ ಹೆಣ್ಣುಮಕ್ಕಳಿಗೆ ಸರ್ಕಾರವೇ ಸೂರು ಕೊಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ದೆಹಲಿಯಲ್ಲಿ ನಡೆದದ್ದನ್ನು ಇಲ್ಲಿ ನೆನಪಿಸಬೇಕು. ಅಲ್ಲಿ ಕೇಂದ್ರ ಸರ್ಕಾರ ಹೆಸರಾಂತ ಕಲಾವಿದರಿಗೆ ಕಡಿಮೆ ಬಾಡಿಗೆಯ ಮನೆಗಳನ್ನು ಕೊಟ್ಟಿತ್ತು. 2020ರಲ್ಲಿ ಖಾಲಿ ಮಾಡಿ ಅಂತ ನೋಟಿಸ್ ಬಂತು. 2022ರ ಏಪ್ರಿಲ್‌ನಲ್ಲಿ ಒಡಿಸ್ಸಿ ನೃತ್ಯದ ಗುರು ಮಾಯಾಧರ ರಾವುತರನ್ನು ಏಷ್ಯನ್ ಗೇಮ್ಸ್ ವಿಲೇಜಿನ ಮನೆಯಿಂದ ಹೊರಹಾಕಿದರು. ಅವರಿಗೆ ಆಗ ತೊಂಬತ್ತು ದಾಟಿತ್ತು. ಮನೆಯ ಸಾಮಾನಿನ ಜೊತೆ ಅವರ ಪದ್ಮಶ್ರೀ ಪ್ರಮಾಣಪತ್ರವೂ ರಸ್ತೆಯಲ್ಲಿ ಬಿದ್ದಿದ್ದ ಚಿತ್ರವನ್ನು ದೇಶವೇ ನೋಡಿತು. ಅವಧಿ ಮುಗಿದಿದೆ, ನಿಯಮ ಹೀಗಿದೆ ಅಂತ ಸರ್ಕಾರ ಹೇಳಿತು. ಹಾಗಾಗಿಯೇ ನಮ್ಮಲ್ಲಿ ಮನೆ ಕೊಡುವಾಗ ಯಾರದ್ದೋ ಕೃಪೆಯ ಮೇಲೆ, ವರ್ಷ ವರ್ಷ ಮುಂದುವರಿಸುವ ಕಾಗದದ ಮೇಲೆ ಕೊಡಬೇಡಿ. ಬದುಕಿರುವಷ್ಟು ಕಾಲ ಅಲ್ಲಿರುವ ಹಕ್ಕು, ಅವರ ನಂತರ ಗಂಡ ಅಥವಾ ಹೆಂಡತಿಗೆ ಅದೇ ಹಕ್ಕು, ಇಷ್ಟು ನಿಯಮದಲ್ಲೇ ಬರೆದಿರಲಿ.

ಹೇಗೆ ಮಾಡಬಹುದು ಅಂತ ನಾನೂ ಯೋಚಿಸಿದ್ದೇನೆ. ದೇವರಾಜ ಅರಸು ವಸತಿ ಯೋಜನೆಯಲ್ಲಿ ವಿಧವೆಯರು, ಅಂಗವಿಕಲರು, ಅಲೆಮಾರಿಗಳು ಹೀಗೆ ವಿಶೇಷ ವರ್ಗಗಳಿವೆ. ಆ ಸಾಲಿಗೆ ನಿವೇಶನವಿಲ್ಲದ ವೃತ್ತಿ ಕಲಾವಿದರನ್ನೂ ಸೇರಿಸಿ, ಜಾಗವನ್ನೂ ಸರ್ಕಾರವೇ ಕೊಡಲಿ. ಮಂಡ್ಯ, ಮೈಸೂರಿನಲ್ಲಿ ಹೊಸ ಬಡಾವಣೆ ಮಾಡುವಾಗ ಒಂದಿಷ್ಟು ಮನೆಗಳನ್ನು ಕಡಿಮೆ ಬಾಡಿಗೆಗೆ ಕಲಾವಿದರಿಗೆ ಅಂತ ಮೀಸಲಿಡಿ. ಜೊತೆಗೆ ತಾಲೀಮಿಗೆ ಒಂದು ಹಾಲ್ ಇರಲಿ. ತಮಟೆ ಬಡಿದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುವ ಕಾಲ ಇದು.

ಹಳೆಯ ಕಟ್ಟಡಗಳನ್ನೂ ನೋಡಬಹುದು. ನ್ಯೂಯಾರ್ಕಿನಲ್ಲಿ ಬೆಲ್ ಕಂಪನಿ ಬಿಟ್ಟುಹೋದ ಪ್ರಯೋಗಾಲಯದ ಕಟ್ಟಡಗಳನ್ನೇ ಬದಲಾಯಿಸಿ 1970ರಲ್ಲಿ ವೆಸ್ಟ್‌ಬೆತ್ ಅಂತ ಕಲಾವಿದರ ವಸತಿ ಮಾಡಿದರು. ಅಲ್ಲಿ 384 ಮನೆಗಳಿವೆ, ಕಲಾವಿದರು ಇವತ್ತಿಗೂ ಅಲ್ಲಿ ವಾಸವಿದ್ದಾರೆ. ಅಷ್ಟು ದೂರ ಯಾಕೆ, ಚೆನ್ನೈ ಹತ್ತಿರದ ಚೋಳಮಂಡಲವನ್ನೇ ನೋಡಿ. 1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಜೊತೆಗಾರರು ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾರಿದ ದುಡ್ಡಿನಲ್ಲಿ ಜಾಗ ಕೊಂಡು ಕಲಾವಿದರ ಊರನ್ನೇ ಕಟ್ಟಿದರು. ನಮ್ಮ ಮೈಸೂರಿನಲ್ಲೂ ಇಂಥದ್ದು ಹೊಸದಲ್ಲ. ಬಿಡಾರಂ ಕೃಷ್ಣಪ್ಪನವರಂಥ ಗಾಯಕರು ತಾವೇ ಮುಂದೆ ನಿಂತು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ತಿರುಮಕೂಡಲಿನಿಂದ ಬಂದ ಪಿಟೀಲು ಚೌಡಯ್ಯನವರು ಅವರ ಶಿಷ್ಯರಾಗಿ ಬೆಳೆದರು. ಕಲಿಯುವವರಿಗೆ ಇರಲು ಒಂದು ನೆಲೆ ಸಿಕ್ಕಿದರೆ ಎಂಥ ಪಿಟೀಲು ಹುಟ್ಟುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ದುಡ್ಡಿನ ಮಾತು. ನಮ್ಮ ಪಕ್ಕದೂರಿನ ಪೂಜಾ ಕುಣಿತದ ತಂಡ ಒಂದು ಸರ್ಕಾರಿ ಕಾರ್ಯಕ್ರಮಕ್ಕೆ ಹೋಗಿತ್ತು. ಯಾರು ನಡೆಸಿದ್ದು ಅಂತ ಹೆಸರು ಬೇಡ. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ಅಮ್ಮನ ಮುಖ ಕಟ್ಟಿ, ಆ ಭಾರವನ್ನೆಲ್ಲ ತಲೆ ಮೇಲೆ ಹೊತ್ತು, ಕೈ ಬಿಟ್ಟು ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಣಿದರು. ಕೊರಳಿನ ನರ ಹುರಿಗಟ್ಟಿದ್ದು ದೂರಕ್ಕೂ ಕಾಣುತ್ತಿತ್ತು. ವ್ಯಾನಿನ ಬಾಡಿಗೆ ತಂಡದ ಯಜಮಾನರು ಸಾಲ ಮಾಡಿ ಕೊಟ್ಟರು. ಸಂಭಾವನೆ ಖಾತೆಗೆ ಬರುವ ಹೊತ್ತಿಗೆ ಆ ಸಾಲದ ಬಡ್ಡಿ ಬೆಳೆದಿತ್ತು. ಅರ್ಧ ದುಡ್ಡು ಮುಂಗಡ, ಉಳಿದರ್ಧ ಕಾರ್ಯಕ್ರಮ ಮುಗಿದ ವಾರದೊಳಗೆ ನೇರ ಖಾತೆಗೆ. ಹೀಗೊಂದು ಆದೇಶ ಮಾಡಲು ಹೊಸ ಬಜೆಟ್ಟೇ ಬೇಕಿಲ್ಲ. ಶಾಮಿಯಾನದವರಿಗೆ ಮುಂಗಡ ಕೊಡುವ ಕಡೆ ಕುಣಿಯುವವರಿಗೂ ಕೊಡಬಹುದು.

ಮಾಸಾಶನ ಇದೆ, ಸಂತೋಷ. ಆದರೆ ಮಂಡ್ಯ ಪೇಟೆಯಲ್ಲಿ ಒಂದು ಕೋಣೆಯ ಬಾಡಿಗೆಯೂ ಅದರಲ್ಲಿ ಹುಟ್ಟುವುದಿಲ್ಲ. ಕೇಂದ್ರದ ಸಂಸ್ಕೃತಿ ಸಚಿವಾಲಯ 60 ದಾಟಿದ, ವರ್ಷದ ಆದಾಯ 72 ಸಾವಿರ ಮೀರದ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ಕೊಡುವ ಯೋಜನೆ ಇಟ್ಟಿದೆ. ಗುರು-ಶಿಷ್ಯ ಪರಂಪರೆಯ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ ಇದೆ. ಈ ಎರಡರ ಹೆಸರನ್ನೂ ಕೇಳದ ಕಲಾವಿದರೇ ನಮ್ಮಲ್ಲಿ ಜಾಸ್ತಿ. ಪ್ರತಿ ತಾಲ್ಲೂಕಿಗೆ ಒಬ್ಬರನ್ನು ಇದಕ್ಕೇ ಅಂತ ನೇಮಿಸಿ. ಅವರು ಹಳ್ಳಿಗೆ ಬಂದು ಅರ್ಜಿ ತುಂಬಿಸಿ, ದೆಹಲಿಯಿಂದ ದುಡ್ಡು ಬರುವ ತನಕ ಬೆನ್ನು ಹತ್ತಲಿ. ಐರ್ಲೆಂಡ್ ದೇಶದಲ್ಲಿ 2022ರಿಂದ ಎರಡು ಸಾವಿರ ಕಲಾವಿದರಿಗೆ ವಾರಕ್ಕೆ 325 ಯೂರೋ ಕೊಡುವ ಪ್ರಯೋಗ ಮಾಡಿದರು. ಇನ್ನೊಂದು ಕೆಲಸದ ಹಿಂದೆ ಓಡದೆ ಕಲೆಯಲ್ಲೇ ತೊಡಗಿರಲಿ ಅಂತ. ನಾವು ಅಷ್ಟು ಕೊಡಲಾಗದಿರಬಹುದು. ಕೆಲಸವಿಲ್ಲದ ಮಳೆಗಾಲದ ತಿಂಗಳುಗಳಿಗಾದರೂ ಏನಾದರೂ ಕೊಡಬಹುದಲ್ಲ.

ಗುರುತಿಸುವ ವಿಚಾರಕ್ಕೆ ಬರುತ್ತೇನೆ. ಅರ್ಜಿ ಜೊತೆ ಆಹ್ವಾನ ಪತ್ರಿಕೆ, ಪೇಪರ್ ಕಟಿಂಗು, ಫೋಟೊ, ಪ್ರಮಾಣಪತ್ರ ಕೇಳುತ್ತಾರೆ. ನೀಲಗಾರರೊಬ್ಬರು ನನ್ನ ಮುಂದೆ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಒಳಗೆ ಗೆದ್ದಲು ತಿಂದ ಎರಡು ಕರಪತ್ರ ಇದ್ದವು, ಅವರ ಹೆಸರು ಎರಡರಲ್ಲೂ ತಪ್ಪಾಗಿ ಅಚ್ಚಾಗಿತ್ತು. ಕಥೆ ಮಾತ್ರ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಬಾಯಲ್ಲಿತ್ತು. ಅಂಥವರಿಗೆ ಕಾಗದ ತನ್ನಿ ಅನ್ನುವುದಕ್ಕಿಂತ, ತಿಳಿದವರು ಇಬ್ಬರು ಹೋಗಿ ಕೂತು ಕೇಳಿ ಬರೆದುಕೊಂಡು ಬರಲಿ. ಗ್ರಾಮಸಭೆಯಲ್ಲಿ ಊರಿನವರ ಸಾಕ್ಷಿ ತೆಗೆದುಕೊಳ್ಳಿ. ಹಾಗೆ ಗುರುತಾದವರಿಗೆ ಒಂದು ಕಾರ್ಡ್ ಕೊಟ್ಟರೆ ಮನೆ, ಮಾಸಾಶನ, ಬಸ್ ರಿಯಾಯಿತಿ ಎಲ್ಲಕ್ಕೂ ಅದೊಂದೇ ಸಾಕಾಗಬೇಕು. ಹಾರ್ಮೋನಿಯಂ ಮೇಷ್ಟ್ರು, ಮೇಕಪ್ಪಿನವರು, ಸೀನರಿ ಪರದೆ ಬರೆಯುವವರು, ತಮಟೆಗೆ ಚರ್ಮ ಬಿಗಿಯುವವರು, ಇವರೆಲ್ಲ ಆ ಪಟ್ಟಿಯಲ್ಲಿರಲಿ. ಕಸುಬುದಾರರಿಗಾಗಿ ಕೇಂದ್ರ ಮಾಡಿರುವ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ, ಗೊಂಬೆ ಮಾಡುವವರು ಇದ್ದಾರೆ, ವಾದ್ಯ ಮಾಡುವವರು ಅಂತ ಬೇರೆ ಹೆಸರಿಲ್ಲ. ಮೈಸೂರಿನ ಚಿತ್ರಕಲೆಗೆ, ಬೀಟೆ ಮರದ ಕುಸುರಿಗೆ, ಚಿತ್ರ ಬರೆದ ಗಂಜೀಫಾ ಎಲೆಗಳಿಗೆ ಜಿಐ, ಅಂದರೆ ಇಂಥ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ವಸ್ತುವಿಗೆ ಸಿಕ್ಕ ಆ ಮಾನ್ಯತೆ ಮಾಡುವವರ ಮನೆ ಬಾಗಿಲಿಗೂ ಬರಲಿ.

ನೆರವಾಗುವವರಿಗೂ ದಾರಿ ಮಾಡಿಕೊಡಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕರಕುಶಲ ಕೂಡ ಸೇರಿದೆ. ಮೈಸೂರು ಕಡೆಯ ಹೂಟಗಳ್ಳಿ, ಹೆಬ್ಬಾಳ, ನಂಜನಗೂಡಿನ ಕಾರ್ಖಾನೆಗಳನ್ನು ಕರೆದು ಕೂರಿಸಿ, ಕಲಾವಿದರ ಮನೆಗಳಿಗೆ ಅಂತಲೇ ಒಂದು ಜಿಲ್ಲಾ ನಿಧಿ ಮಾಡಿ. ಊರಿನ ಗಣಪತಿ ಸಮಿತಿ, ನಾಟಕದ ಸಂಘ ಒಂದು ರೂಪಾಯಿ ಹಾಕಿದರೆ ಸರ್ಕಾರ ಒಂದು ರೂಪಾಯಿ ಸೇರಿಸಲಿ. ವರ್ಷಾನುಗಟ್ಟಲೆ ಕೈಯಿಂದ ಹಾಕಿ ಕಲೆ ಉಳಿಸಿದ ಸಂಘಗಳನ್ನು ರಾಜ್ಯೋತ್ಸವದ ದಿನ ಜಿಲ್ಲಾ ಮೈದಾನಕ್ಕೆ ಕರೆಸಿ ಗೌರವಿಸಿ.

ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ 1974ರಲ್ಲಿ ನಡೆಯಿತು, 1994ರಲ್ಲಿ ನಡೆಯಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಮೆರವಣಿಗೆಯ ಮುಂದೆ ನಡೆದವರು ಇದೇ ಜನಪದ ಕಲಾವಿದರು. ದಸರಾದಲ್ಲಿ ಆನೆಯ ಮುಂದೆ ನಡೆಯುವವರೂ ಇವರೇ.

ಸಂಭಾವನೆಯ ಆದೇಶಕ್ಕೆ ನೀವು ಈ ತಿಂಗಳೇ ಸಹಿ ಹಾಕಬಹುದು. ಕಲಾವಿದರ ಪಟ್ಟಿ ಮಾಡುವ ಕೆಲಸ ಮಂಡ್ಯ, ಮೈಸೂರು ಎರಡೇ ಜಿಲ್ಲೆಯಲ್ಲಿ ಮೊದಲು ಶುರುವಾಗಲಿ. ಶಾಲೆ ಮುಗಿದ ಮೇಲೆ, ಭಾನುವಾರ, ರಜೆಯಲ್ಲಿ ನಾನೂ ಬರುತ್ತೇನೆ. ನನ್ನಂಥ ಮೇಷ್ಟ್ರುಗಳು ಇನ್ನೂ ಅನೇಕರಿದ್ದಾರೆ, ಕರೆದರೆ ಅವರೂ ಬರುತ್ತಾರೆ. ಮನೆಗಳಿಗೆ ಮುಂದಿನ ಬಜೆಟ್ಟಿನಲ್ಲಿ ದುಡ್ಡು ಇಡಿಸಿ. ಹಣಕಾಸು ಇಲಾಖೆ ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅನ್ನುವುದನ್ನು ದಯವಿಟ್ಟು ಬಹಿರಂಗವಾಗಿಯೇ ತಿಳಿಸಿ. ಅದಕ್ಕೆ ಉತ್ತರ ಹುಡುಕಿಕೊಂಡು ಮತ್ತೆ ಬರೆಯುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ಮಂಡ್ಯ ಜಿಲ್ಲೆಯ ಒಬ್ಬ ಶಾಲಾ ಮೇಷ್ಟ್ರು