ಒಂದೇ ಅಕ್ಷರ ಉಳಿದ ಕಳ್ಳ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿದೆ. ಅಧ್ಯಾಯದ ಉದ್ದ, ಪ್ರಕಾಶಕರ ಹುಡುಕಾಟ ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ನಿನ್ನ ಡ್ರ್ಯಾಗನ್ ಬಗ್ಗೆ. ಅದನ್ನು ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್‌ನಿಂದ ತಂದೆ, ಸರಿ. ಆತನಿಗೆ ಅದು ಎಲ್ಲಿಂದ ಬಂತು ಅಂತ ನೋಡಬೇಡವೇ?

‘ಬೇವುಲ್ಫ್’ 3182 ಸಾಲಿನ ಹಳೆ ಇಂಗ್ಲಿಷ್ ಕಾವ್ಯ. ಉಳಿದಿರುವುದು ಒಂದೇ ಪ್ರತಿ, ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡದ್ದು. ಮುನ್ನೂರು ವರ್ಷ ನಿಧಿ ಕಾದ ಡ್ರ್ಯಾಗನ್ ಮಲಗಿರುವಾಗ ಒಬ್ಬ ನುಸುಳಿ ಬಟ್ಟಲು ಕದಿಯುತ್ತಾನೆ. ಎದ್ದ ಡ್ರ್ಯಾಗನ್ ಬಂಡೆ ಮೂಸಿ, ಹೆಜ್ಜೆಗುರುತು ಕಂಡು, ಕತ್ತಲಾಗುವ ತನಕ ಕಾದು ಊರು ಸುಡುತ್ತದೆ. ಕದ್ದವನು ಯಾರು? 2223ನೇ ಸಾಲಿನಲ್ಲಿ ಅವನನ್ನು ಕರೆದ ಪದವೇ ಅಳಿಸಿದೆ, ಮೊದಲ ಅಕ್ಷರವಷ್ಟೇ ಸ್ಪಷ್ಟ. ಹಳೆ ಇಂಗ್ಲಿಷಿನಲ್ಲಿ ಜೀತದಾಳು, ಭಟ, ಕಳ್ಳ ಮೂರೂ ಅದೇ ಅಕ್ಷರದಿಂದ ಶುರು! ಕಾವ್ಯದ ನಾಯಕ ಬೇವುಲ್ಫ್ ಮತ್ತು ಹನ್ನೊಂದು ಮಂದಿಯ ಜೊತೆ ಅವನನ್ನು ಹದಿಮೂರನೆಯವನಾಗಿ, ದಾರಿ ತೋರಿಸಲು ಎಳೆದೊಯ್ಯುತ್ತಾರೆ. ಅವನಿಗೊಂದು ಹೆಸರೂ ಇಲ್ಲ.

ಟೋಲ್ಕಿನ್ ಕಾದಂಬರಿ ‘ದಿ ಹಾಬಿಟ್’ನಲ್ಲಿ ಹದಿಮೂರು ಕುಳ್ಳರ ಜೊತೆ ಹದಿನಾಲ್ಕನೆಯವನಾಗಿ ಬರುವ ಬಿಲ್ಬೋನ ಕೆಲಸವೇ ಕಳ್ಳತನ. ಡ್ರ್ಯಾಗನ್ ಸ್ಮಾಗ್‌ನ ನಿಧಿಯಿಂದ ಅವನು ಮೊದಲು ಎತ್ತುವುದೂ ಬಟ್ಟಲನ್ನೇ. ಆದರೆ ಬರೆಯುವಾಗ ‘ಬೇವುಲ್ಫ್’ ಪ್ರಜ್ಞಾಪೂರ್ವಕವಾಗಿ ಮನಸ್ಸಿನಲ್ಲಿರಲಿಲ್ಲ, ಕಳ್ಳತನ ಕಥೆಯ ಓಟದಲ್ಲೇ ಬಂತು ಎಂದು ಟೋಲ್ಕಿನ್ 1938ರಲ್ಲಿ ಬರೆದ. ನಾನು ಇದನ್ನು ನಂಬುತ್ತೇನೆ. 1926ಕ್ಕೇ ಇಡೀ ಕಾವ್ಯವನ್ನು ಗದ್ಯಕ್ಕೆ ಅನುವಾದಿಸಿ ಮುಗಿಸಿದ್ದವನು, ಕಾದಂಬರಿ ಬಂದದ್ದು 1937ರಲ್ಲಿ. ಅಷ್ಟು ವರ್ಷ ಜೊತೆಗಿದ್ದ ಕಾವ್ಯ ಕೇಳದೆಯೇ ಕೈಗೆ ಬರುತ್ತದೆ.

ಕುಳ್ಳರ ಹೆಸರುಗಳಲ್ಲಿ ಹೆಚ್ಚಿನವನ್ನು ಮಾತ್ರ ಆತ ‘ವೊಲುಸ್ಪಾ’ ಎಂಬ ಹಳೆ ನಾರ್ಸ್ ಕಾವ್ಯದಿಂದ ನೇರ ಎತ್ತಿದ. ನೀನು ಮಾಡಿರುವುದು ಅಷ್ಟೇ, ಹೆಸರು ಎತ್ತಿದ್ದು. ಅದಕ್ಕೇ ನಿನ್ನ ಕತ್ತಿಗಳಿಗೆ ಭಾರವಿಲ್ಲ. ಕೋಪ ಮಾಡಿಕೊಳ್ಳಬೇಡ, ನಿನ್ನ ವಾಕ್ಯಗಳಲ್ಲಿ ಜೀವ ಇರುವುದರಿಂದಲೇ ಇಷ್ಟು ಹೇಳುತ್ತಿದ್ದೇನೆ.

ಆರು ತಿಂಗಳು ಕಾದಂಬರಿ ಮುಟ್ಟಬೇಡ. ರನ್ನನ ಗದಾಯುದ್ಧ ಹಿಡಿ. ದಿನಕ್ಕೆ ಮೂರೇ ಪದ್ಯ: ಗಟ್ಟಿಯಾಗಿ ಓದು, ಪದ ಬಿಡಿಸು, ಆಮೇಲಷ್ಟೇ ಟಿಪ್ಪಣಿ ನೋಡು. ಗದ್ಯಾನುವಾದ ಮೊದಲು ಓದಿದರೆ ಕಥೆ ಸಿಗುತ್ತದೆ, ಬಿರುಕು ಸಿಗುವುದಿಲ್ಲ. ಆ ಕಳ್ಳನಂತೆ ಬಂದು ಮಾಯವಾಗುವವರನ್ನು ಬೇರೆ ಪುಸ್ತಕದಲ್ಲಿ ಗುರುತು ಹಾಕಿಕೊ.

ಜೊತೆಗೆ ವ್ಯಾಸಭಾರತದ ಶಲ್ಯಪರ್ವವನ್ನೂ ಇಟ್ಟುಕೊ. ದುರ್ಯೋಧನ ಕೊಳದಲ್ಲಿ ಅಡಗಿದ್ದಾನೆಂದು ಭೀಮನಿಗೆ ಹೇಳಿದವರು ಬೇಡರು. ಭೀಮನಿಗೆ ಮಾಂಸ ಒಯ್ಯುತ್ತಿದ್ದವರು, ನೀರು ಕುಡಿಯಲು ದಡಕ್ಕೆ ಬಂದು ಮಾತು ಕೇಳಿಸಿಕೊಂಡರು. ಸುದ್ದಿ ಮುಟ್ಟಿಸಿ ಹಣ ಪಡೆದರು. ಅವರಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ.