ಹಳೆಪೇಟೆ ನಡಿಗೆಯಲ್ಲಿ ಆದ ಅವಮಾನ ಮತ್ತು ಸೇವಾ ನ್ಯೂನತೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪಾರಂಪರಿಕ ನಡಿಗೆಗಳ ವಿಭಾಗ

ವಿಷಯ: ಚಿತ್ರದುರ್ಗದ ಹಳೆಪೇಟೆ ಮತ್ತು ಹೊಂಡಗಳ ನಡಿಗೆಯನ್ನು ಅರ್ಧಕ್ಕೇ ಮುಗಿಸಿದ್ದು ಹಾಗೂ ನನ್ನ ತಂದೆಯವರನ್ನು ಎಲ್ಲರೆದುರು ಅವಮಾನಿಸಿದ್ದರ ಕುರಿತು.

ಉಲ್ಲೇಖ: ನಿಮ್ಮ ಗ್ರಾಹಕ ಸೇವಾ ವಿಭಾಗದಿಂದ ಬಂದ ಇ-ಮೇಲ್ ಉತ್ತರ.

ಮಾನ್ಯರೇ,

ಈ ವಿಚಾರ ಪತ್ರದವರೆಗೆ ಬರಬೇಕೆಂಬ ಉದ್ದೇಶ ನನಗಿರಲಿಲ್ಲ. ಆದದ್ದನ್ನು ಫೋನಿನಲ್ಲಿ ತಿಳಿಸಿ, ನಿಮ್ಮ ಕಡೆಯಿಂದ ಯಾರಾದರೂ ನನ್ನ ತಂದೆಯವರೊಡನೆ ಒಮ್ಮೆ ಮಾತನಾಡಿ ‘ತಪ್ಪಾಯಿತು’ ಎಂದರೆ ಸಾಕು ಎಂದುಕೊಂಡಿದ್ದೆ. ಹಾಗೆಂದೇ ನಿಮ್ಮ ಕಚೇರಿಗೆ ಮತ್ತೆ ಮತ್ತೆ ಕರೆ ಮಾಡಿದೆ. ಪ್ರತಿ ಸಲವೂ ಬೇರೊಬ್ಬರು ಎತ್ತಿಕೊಂಡರು, ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದೆ, ಎಲ್ಲರೂ ‘ನೋಟ್ ಮಾಡಿಕೊಂಡಿದ್ದೇವೆ ಮೇಡಂ’ ಎಂದರು. ಕೊನೆಗೆ ಬಂದದ್ದು ಮೇಲೆ ಉಲ್ಲೇಖಿಸಿದ ಇ-ಮೇಲ್. ‘ಹಿರಿಯ ಅತಿಥಿಯೊಬ್ಬರು ಗುಂಪಿನ ಶಿಸ್ತಿಗೆ ಅಡ್ಡಿಪಡಿಸಿದ್ದರಿಂದ ನಮ್ಮ ಮಾರ್ಗದರ್ಶಕರು ಪರಿಸ್ಥಿತಿಯನ್ನು ನಿಭಾಯಿಸಬೇಕಾಯಿತು’ ಎಂದು ಅದರಲ್ಲಿ ಬರೆದಿದ್ದೀರಿ, ಅದರ ಕೆಳಗೆ ಮುಂದಿನ ನಡಿಗೆಗೆ ಹತ್ತು ಪರ್ಸೆಂಟ್ ರಿಯಾಯಿತಿಯ ಕೂಪನ್ ಇಟ್ಟಿದ್ದೀರಿ. ಆ ಒಂದು ವಾಕ್ಯಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಅರ್ಧ ನಡಿಗೆಯ ಹಣ ಹೋದರೆ ಹೋಗಲಿ ಎಂದು ಸುಮ್ಮನಾಗಬಹುದಿತ್ತು, ಆದರೆ ಅವಮಾನ ಮಾಡಿದವರೇ ಅವಮಾನಿತರ ಮೇಲೆ ತಪ್ಪು ಹೊರಿಸಿದಾಗ ಸುಮ್ಮನಿರಲು ನನ್ನಿಂದ ಆಗದು.

ನನ್ನ ತಂದೆಯವರು ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಹುಟ್ಟಿ, ಅಲ್ಲೇ ಓದಿ, ನೌಕರಿಯ ಮೇಲೆ ದಾವಣಗೆರೆಗೆ ಬಂದು, ಪ್ರೌಢಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಮೊಮ್ಮಗಳಿಗೆ ತಮ್ಮ ಊರನ್ನು ತೋರಿಸಬೇಕೆಂದು ಅವರು ಬಹಳ ದಿನದಿಂದ ಹೇಳುತ್ತಿದ್ದರು. ವಯಸ್ಸಾದ ಮೇಲೆ ದಾರಿ, ಮೆಟ್ಟಿಲು, ಬಿಸಿಲು ಎಲ್ಲವನ್ನೂ ಲೆಕ್ಕ ಹಾಕಬೇಕಾಗುತ್ತದೆ. ನಿಮ್ಮ ಪ್ರಕಟಣೆಯಲ್ಲಿ ‘ಹಿರಿಯರಿಗೂ ಮಕ್ಕಳಿಗೂ ಅನುಕೂಲವಾದ ನಿಧಾನ ನಡಿಗೆ, ಎರಡೂವರೆ ಗಂಟೆ, ಗುಂಪಿನಲ್ಲಿ ಹದಿನೈದು ಜನಕ್ಕಿಂತ ಹೆಚ್ಚಿಲ್ಲ, ವಿವರಣೆ ಕನ್ನಡದಲ್ಲಿ, ಪ್ರವೇಶ ಶುಲ್ಕ ಸೇರಿ’ ಎಂದಿದ್ದುದನ್ನು ಓದಿದ ಮೇಲೆಯೇ ದೊಡ್ಡವರಿಗೆ ತಲಾ 600 ರೂಪಾಯಿ, ಮಗಳಿಗೆ 300 ರೂಪಾಯಿ ಮುಂಗಡ ಕಟ್ಟಿದೆ. ಈ ನಿಯಮಗಳೆಲ್ಲ ನೀವೇ ಬರೆದವು, ನಾನು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ.

ನೀವು ಹಾಕಿಕೊಟ್ಟ ದಾರಿ ಚೆನ್ನಾಗಿಯೇ ಇತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ರಂಗಯ್ಯನ ಬಾಗಿಲಿನಲ್ಲಿ ಆರಂಭಿಸಿ, ಅಲ್ಲಿಯ ವಸ್ತುಸಂಗ್ರಹಾಲಯವನ್ನು ನೋಡಿ, ದೊಡ್ಡಪೇಟೆಯ ಹಳೆಯ ಮನೆಗಳ ನಡುವೆ ನಡೆದು, ಉಚ್ಚಂಗಿ ಯಲ್ಲಮ್ಮನ ಗುಡಿ, ಸಂತೆ ಹೊಂಡ, ಸಿಹಿನೀರು ಹೊಂಡಗಳನ್ನು ಕಂಡು, ಆಮೇಲೆ ಕೋಟೆಯೊಳಗೆ ಮದ್ದು ಬೀಸುವ ಕಲ್ಲಿನಿಂದ ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ-ತಂಗಿ ಹೊಂಡದವರೆಗೆ ಹೋಗುವುದು ಎಂದಿತ್ತು. ದುರ್ಗವನ್ನು ಬಲ್ಲವರಿಗೆ ಈ ಕ್ರಮದ ಬೆಲೆ ಗೊತ್ತು. ಕೋಟೆಯೆಂದರೆ ಬೆಟ್ಟದ ಮೇಲಿನ ಗೋಡೆಗಳಷ್ಟೇ ಅಲ್ಲ. ಏಳು ಸುತ್ತಿನ ಕೋಟೆಯ ಕೆಳಗಿನ ಸುತ್ತುಗಳು ಪೇಟೆಯನ್ನೂ ಒಳಗೊಂಡಿದ್ದವು, ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲುಗಳೆಲ್ಲ ಊರ ಮಟ್ಟದಲ್ಲಿ ಇರುವುದೇ ಅದಕ್ಕೆ. ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿ, ಉಕ್ಕಿದ್ದು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೂ ಸಂತೆ ಹೊಂಡಕ್ಕೂ ಬರುವಂತೆ ನಾಯಕರ ಕಾಲದವರು ಮಾಡಿಟ್ಟ ವ್ಯವಸ್ಥೆಯನ್ನು ಮೇಲೂ ಕೆಳಗೂ ಎರಡೂ ಕಡೆ ನಿಂತು ನೋಡಿದರೆ ಮಾತ್ರ ಅರ್ಥವಾಗುತ್ತದೆ. ನನ್ನ ತಂದೆಯವರು ಈ ನಡಿಗೆಯನ್ನು ಒಪ್ಪಿಕೊಂಡದ್ದೇ ಆ ಕಾರಣಕ್ಕೆ.

ಆ ದಿನ ನಡೆದದ್ದು ಬೇರೆ. ರಂಗಯ್ಯನ ಬಾಗಿಲಿನ ಬಳಿ ಕಾಯುತ್ತಿದ್ದ ನಮಗೆ ಫೋನ್ ಮಾಡಿ, ‘ಎಲ್ಲರೂ ಕೋಟೆ ಗೇಟಿಗೇ ಬಂದುಬಿಡಿ, ಪೇಟೆ ಆಮೇಲೆ ನೋಡೋಣ’ ಎಂದರು. ಗೇಟಿನ ಬಳಿ ಹೋದರೆ ಅಲ್ಲಿ ಬೆಂಗಳೂರಿನಿಂದ ಬಂದ ಒಂದು ಬಸ್ಸಿನ ಗುಂಪು ಇತ್ತು, ನಮ್ಮನ್ನು ಅದರೊಳಗೆ ಸೇರಿಸಿದರು. ಹದಿನೈದರ ಮಿತಿ ಅಲ್ಲಿಗೇ ಮುಗಿಯಿತು. ನಿಮ್ಮ ಮಾರ್ಗದರ್ಶಕರು ಟಿಕೆಟ್ಟಿಗೆಂದು ತಲಾ 50 ರೂಪಾಯಿಯನ್ನು ಕೈಯಲ್ಲೇ ವಸೂಲಿ ಮಾಡಿದರು. ಪ್ರವೇಶ ಶುಲ್ಕ ಸೇರಿದೆ ಎಂದು ನಾವು ಮೊದಲೇ ಕಟ್ಟಿದ್ದೆವು. ಕೌಂಟರಿನ ದರ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆ ಟಿಕೆಟ್ಟನ್ನೇ ಕೇಳುವುದಿಲ್ಲ. ನನ್ನ ಮಗಳಿಗೆ ಹತ್ತು ವರ್ಷ, ಅವಳ ಹೆಸರಿನಲ್ಲೂ 50 ರೂಪಾಯಿ ತೆಗೆದುಕೊಂಡರು. ಈ ಹಣ ಯಾರ ಜೇಬಿಗೆ ಹೋಯಿತು ಎಂಬುದಕ್ಕೆ ನಿಮ್ಮಿಂದ ಇನ್ನೂ ಉತ್ತರ ಬಂದಿಲ್ಲ.

ಮುಖ್ಯ ಸಂಗತಿಗೆ ಬರುತ್ತೇನೆ, ಮತ್ತು ಅದನ್ನು ನಡೆದಂತೆಯೇ ಬರೆಯುತ್ತೇನೆ. ಏಕೆಂದರೆ ನಿಮ್ಮ ಇ-ಮೇಲ್ ಬರೆದವರು ಅದನ್ನು ಸರಿಯಾಗಿ ಕೇಳಿ ತಿಳಿದುಕೊಂಡಿಲ್ಲ.

ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳ ಬಳಿ ಎಲ್ಲರನ್ನೂ ನಿಲ್ಲಿಸಿದರು. ಅಗೆದ ಗುಂಡಿಯೊಳಗೆ ನಾಲ್ಕು ಭಾರೀ ಬೀಸುವ ಕಲ್ಲುಗಳಿರುವ, ಕೋಟೆಯ ತೋಪುಗಳಿಗೂ ಬಂದೂಕುಗಳಿಗೂ ಬೇಕಾದ ಮದ್ದನ್ನು ಅರೆಯುತ್ತಿದ್ದ ಜಾಗ ಅದು. ಅಲ್ಲಿ ನಿಂತು ನಿಮ್ಮ ಮಾರ್ಗದರ್ಶಕರು ಕೊರಳಿಗೆ ಹಾಕಿಕೊಂಡ ಮೈಕಿನಲ್ಲಿ, ಮೊದಲು ಹಿಂದಿಯಲ್ಲಿ, ಆಮೇಲೆ ಎರಡೇ ವಾಕ್ಯ ಕನ್ನಡದಲ್ಲಿ, ‘ಇಲ್ಲಿ ಸೈನಿಕರಿಗೆ ರಾಗಿ ಬೀಸ್ತಿದ್ರು, ಟಿಪ್ಪು 1799ರಲ್ಲಿ ಮುತ್ತಿಗೆ ಹಾಕಿದಾಗ ರಾಗಿ ಖಾಲಿಯಾಗಿ ಕೋಟೆ ಬಿತ್ತು’ ಎಂದರು. ನಿಮ್ಮದೇ ಪ್ರಕಟಣೆಯಲ್ಲಿ ಆ ಜಾಗಕ್ಕೆ ಮದ್ದು ಬೀಸುವ ಕಲ್ಲು ಎಂದೇ ಹೆಸರಿದೆ. ಕೋಟೆ ಬಿದ್ದದ್ದು 1779ರಲ್ಲಿ, ಗೆದ್ದುಕೊಂಡವನು ಹೈದರಾಲಿ. ಕೊನೆಯ ಮದಕರಿ ನಾಯಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ದುರ್ಗದ ಮಕ್ಕಳಿಗೆಲ್ಲ ಗೊತ್ತು. 1799 ಎಂದರೆ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ ವರ್ಷ.

ನನ್ನ ತಂದೆಯವರು ನಡುವೆ ಬಾಯಿ ಹಾಕಲಿಲ್ಲ. ಮಾರ್ಗದರ್ಶಕರು ಹೇಳಿ ಮುಗಿಸುವವರೆಗೆ ಕಾದು, ಶಾಲೆಯ ಹುಡುಗನಂತೆ ಕೈ ಎತ್ತಿ, ತಮ್ಮತ್ತ ತಿರುಗಿ ನೋಡುವವರೆಗೂ ಹಾಗೆಯೇ ನಿಂತಿದ್ದರು. ಆಮೇಲೆ, ‘ತಮ್ಮಾ, ಒಂದು ಮಾತು. ಅದು ರಾಗಿ ಕಲ್ಲಲ್ಲ, ಮದ್ದು ಬೀಸೋ ಕಲ್ಲು. ಆಮೇಲೆ ಕೋಟೆ ತಗೊಂಡೋನು ಹೈದರಾಲಿ’ ಎಂದರು. ಅಷ್ಟೇ.

‘ಯಜಮಾನ್ರೇ, ಇಲ್ಲಿ ಗೈಡ್ ಯಾರು? ನೀವಾ, ನಾನಾ?’ ಎಂದು ಮೈಕಿನಲ್ಲೇ ಕೇಳಿದರು.

‘ನೀವೇನಪ್ಪಾ. ನಾನು ಇಲ್ಲೇ ದೊಡ್ಡಪೇಟೇಲಿ ಹುಟ್ಟಿ ಬೆಳೆದೋನು, ಅದಕ್ಕೆ ಹೇಳಿದೆ’ ಎಂದರು ತಂದೆಯವರು.

‘ಹುಟ್ಟಿದ್ದಕ್ಕೆಲ್ಲ ಯಾರೂ ಗೈಡ್ ಕಾರ್ಡ್ ಕೊಡಲ್ಲ. ನನ್ನ ಹತ್ರ ಕಾರ್ಡ್ ಐತೆ, ನಿಮ್ಮ ಹತ್ರ ಏನೈತೆ? ಎಲ್ಲಾ ನೀವೇ ಹೇಳಂಗಿದ್ರೆ ದುಡ್ಡು ಕೊಟ್ಟು ಯಾಕ್ ಬಂದ್ರಿ?’

ಒಂದಿಬ್ಬರು ನಕ್ಕರು. ನಾನು ಮುಂದೆ ಹೋಗಿ, ‘ಸರ್, ಅವರು ಹಿರಿಯರು, ಇತಿಹಾಸ ಪಾಠ ಮಾಡಿದವರು, ಸ್ವಲ್ಪ ಮರ್ಯಾದೆಯಿಂದ ಮಾತಾಡಿ’ ಎಂದೆ. ಅದಕ್ಕೆ ಅವರು ಕೊರಳಿನ ಮೈಕನ್ನು ತೆಗೆದು, ನನ್ನ ತಂದೆಯವರ ಬಾಯಿಯ ಹತ್ತಿರಕ್ಕೆ ಹಿಡಿದು, ‘ಓ, ಮೇಷ್ಟ್ರಾ! ಹಂಗಾದ್ರೆ ತಗೊಳ್ಳಿ, ನೀವೇ ಪಾಠ ಮಾಡಿ. ಎಲ್ಲರೂ ಅಜ್ಜನಿಗೆ ಒಂದು ಚಪ್ಪಾಳೆ ಹೊಡೀರಿ’ ಎಂದರು. ಚಪ್ಪಾಳೆ ಬಿತ್ತು. ಮೊಬೈಲುಗಳು ಮೇಲೆದ್ದವು. ತಂದೆಯವರು ಒಂದು ಕೈಯಲ್ಲಿ ಮೊಮ್ಮಗಳ ನೀರಿನ ಬಾಟಲಿ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಿಂದ ಆ ಮೈಕನ್ನು ಮೆಲ್ಲಗೆ ಆಚೆ ಸರಿಸಿದರು, ಆ ಕೈ ನಡುಗುತ್ತಿತ್ತು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ‘ಅಜ್ಜ ಸೈಲೆಂಟ್ ಆದ್ರು, ನಡೀರಿ ಮುಂದಕ್ಕೆ’ ಎಂದು ನಿಮ್ಮ ಮಾರ್ಗದರ್ಶಕರು ಗುಂಪನ್ನು ಹೊರಡಿಸಿದರು. ನನ್ನ ಮಗಳು, ‘ತಾತ, ಅವರು ಯಾಕೆ ನಿನಗೆ ಹಂಗಂದ್ರು?’ ಎಂದು ಕೇಳಿದಳು. ಅವಳಿಗೆ ಏನು ಉತ್ತರ ಕೊಡಬೇಕು ಎಂಬುದನ್ನು ‘ಶಿಸ್ತಿಗೆ ಅಡ್ಡಿ’ ಎಂದು ಬರೆದವರು ನನಗೆ ತಿಳಿಸಬೇಕು.

ತಂದೆಯವರು ಅಲ್ಲಿಯೇ ನೆರಳಿನಲ್ಲಿ ಕುಳಿತುಬಿಟ್ಟರು, ‘ನೀವು ಹೋಗಿ ನೋಡಿ ಬರ್ರಿ’ ಎಂದರು. ಮಗಳಿಗಾಗಿ ನಾನು ಸ್ವಲ್ಪ ದೂರ ಗುಂಪಿನೊಡನೆ ಹೋದೆ. ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕ-ತಂಗಿ ಹೊಂಡವನ್ನೂ ಬಿಟ್ಟು, ನೇರವಾಗಿ ಓಬವ್ವನ ಕಿಂಡಿಗೆ ಕರೆದೊಯ್ದರು. ಗಂಡ ಊಟಕ್ಕೆ ಕುಳಿತಾಗ ನೀರಿಗೆಂದು ಹೋದ ಕಾವಲುಗಾರನ ಹೆಂಡತಿ, ಕಿಂಡಿಯಲ್ಲಿ ನುಸುಳಿ ಬರುವ ಹೈದರನ ಸೈನಿಕರನ್ನು ಕಂಡು, ಕೈಗೆ ಸಿಕ್ಕ ಒನಕೆಯಿಂದಲೇ ಒಬ್ಬೊಬ್ಬರನ್ನಾಗಿ ಬಡಿದು ಹಾಕಿದ ಜಾಗ ಅದು. ಅಲ್ಲಿ ಅವಳ ಬಗ್ಗೆ ನಾಲ್ಕು ಮಾತು ಆಡಲಿಲ್ಲ. ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿ, ಕಿಂಡಿಯಿಂದ ಒಬ್ಬೊಬ್ಬರನ್ನೇ ನುಗ್ಗಿಸಿ ರೀಲ್ಸ್ ಮಾಡಿಸಿದರು. ‘ಪೇಟೆ ಕೆಳಗೈತೆ, ನೀವೇ ನೋಡ್ಕೊಳ್ಳಿ’ ಎಂದು ಹೇಳಿ ಬಸ್ಸಿನವರೊಡನೆ ಹೊರಟುಹೋದರು. ಎರಡೂವರೆ ಗಂಟೆಯ ನಡಿಗೆ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿದಿತ್ತು, ಹಳೆಪೇಟೆಯ ನಡಿಗೆಯಲ್ಲಿ ಹಳೆಪೇಟೆಯೇ ಇರಲಿಲ್ಲ.

ಆ ಮಧ್ಯಾಹ್ನ ನಮಗೆ ಪೇಟೆಯನ್ನು ತೋರಿಸಿದವರು ನನ್ನ ತಂದೆಯವರು. ಅಷ್ಟೆಲ್ಲ ಆದ ಮೇಲೂ, ಮಗು ಬರಿಗೈಯಲ್ಲಿ ಹಿಂದಿರುಗಬಾರದೆಂದು, ದೊಡ್ಡಪೇಟೆಯಿಂದ ಸಂತೆ ಹೊಂಡದವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗಿ, ಹೊಂಡದ ಮೆಟ್ಟಿಲ ಬಳಿ ನಿಂತು ಬೆಟ್ಟದ ಕಡೆಗೆ ಕೈ ತೋರಿಸಿ, ನೀರು ಎಲ್ಲಿಂದ ಎಲ್ಲಿಗೆ ಇಳಿದು ಬರುತ್ತದೆ ಎಂದು ವಿವರಿಸಿದರು. ನೀವು ಹಣ ಪಡೆದು ಮಾಡದೆ ಬಿಟ್ಟ ಕೆಲಸವನ್ನು, ನೀವೇ ಅವಮಾನಿಸಿದ ಮನುಷ್ಯ ಮಾಡಿದರು. ಹೀಗಿರುವಾಗ ಆ ಶುಲ್ಕವನ್ನು ನೀವು ಯಾವ ಲೆಕ್ಕದಲ್ಲಿ ಇಟ್ಟುಕೊಂಡಿದ್ದೀರಿ?

ಇನ್ನು ಆ ಕಾರ್ಡಿನ ವಿಚಾರ. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ ಅಡಿಯಲ್ಲಿ ಬಂದ 1959ರ ನಿಯಮಗಳ ಪ್ರಕಾರ, ಹಣ ಪಡೆದು ಸಂರಕ್ಷಿತ ಸ್ಮಾರಕದೊಳಗೆ ಪ್ರವಾಸಿಗರಿಗೆ ಜಾಗ ತೋರಿಸುವವರು ಪುರಾತತ್ತ್ವ ಅಧಿಕಾರಿಯಿಂದ ಪರವಾನಗಿ ಪಡೆದಿರಬೇಕು. ನಿಮ್ಮ ಮಾರ್ಗದರ್ಶಕರು ಎಲ್ಲರಿಗೂ ಎತ್ತಿ ತೋರಿಸಿದ ಕಾರ್ಡಿನ ಮೇಲೆ ಇದ್ದದ್ದು ನಿಮ್ಮ ಸಂಸ್ಥೆಯ ಮುದ್ರೆ ಮಾತ್ರ. ಕೋಟೆಯೊಳಗೆ ವ್ಯವಹಾರ ಮಾಡುವ ಸಂಸ್ಥೆಗೆ ಈ ನಿಯಮ ತಿಳಿಯದೆ ಇರಲು ಸಾಧ್ಯವಿಲ್ಲ. ಆ ಪರವಾನಗಿಯ ಪ್ರತಿಯನ್ನು ನನಗೆ ಕಳುಹಿಸಿಕೊಡಿ.

ನಾನು ಕೇಳುವುದು ಹೆಚ್ಚೇನೂ ಇಲ್ಲ. ಕಟ್ಟಿದ 1,500 ರೂಪಾಯಿ ಮತ್ತು ಕೈಯಲ್ಲಿ ವಸೂಲಿ ಮಾಡಿದ 150 ರೂಪಾಯಿಯನ್ನು ಹಿಂದಿರುಗಿಸಬೇಕು. ‘ಶಿಸ್ತಿಗೆ ಅಡ್ಡಿ’ ಎಂಬ ಮಾತನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕು. ನನ್ನ ತಂದೆಯವರ ಹೆಸರಿಗೆ, ಕನ್ನಡದಲ್ಲಿ, ಜವಾಬ್ದಾರಿಯುತ ಅಧಿಕಾರಿಯ ಸಹಿಯೊಂದಿಗೆ ಕ್ಷಮಾಪಣೆಯ ಪತ್ರ ಬರಬೇಕು. ಕೂಪನ್ ನಮಗೆ ಬೇಡ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಇದಾಗದಿದ್ದರೆ ನಿಮ್ಮ ಕಚೇರಿಗೆ ಮತ್ತೆ ಕರೆ ಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಈ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷಗಳ ಕಾಲಾವಕಾಶವೂ ಇದೆ. ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಸೇವಾ ನ್ಯೂನತೆಗೆ ಮಾತ್ರವಲ್ಲ, ಮಾನಸಿಕ ಯಾತನೆಗೂ ಪರಿಹಾರ ಕೇಳುತ್ತೇನೆ. ಪರವಾನಗಿಯ ವಿಚಾರವನ್ನು ಪುರಾತತ್ತ್ವ ಇಲಾಖೆಗೂ, ಟಿಕೆಟ್ ಹೆಸರಿನ ವಸೂಲಿಯನ್ನು ಪ್ರವಾಸೋದ್ಯಮ ಇಲಾಖೆಗೂ ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೂ ಬರೆಯುತ್ತೇನೆ. ಅಂದು ಮೊಬೈಲಿನಲ್ಲಿ ಚಿತ್ರೀಕರಿಸಿದವರಲ್ಲಿ ಒಬ್ಬರು ಆ ವಿಡಿಯೋವನ್ನು ನನಗೆ ಕಳುಹಿಸಿದ್ದಾರೆ. ನಿಮ್ಮ ಮಾರ್ಗದರ್ಶಕರು ಮೈಕಿನಲ್ಲಿ ಆಡಿದ ಪ್ರತಿ ಮಾತೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಆಯೋಗದ ಮುಂದೆ ಅದನ್ನೇ ಹಾಜರುಪಡಿಸುತ್ತೇನೆ.

ಇಂತಿ,
ನೊಂದ ಗ್ರಾಹಕಿ,
ದಾವಣಗೆರೆ

ಅಡಕ: ಮುಂಗಡ ಹಣ ಕಟ್ಟಿದ ರಸೀದಿ, ನಿಮ್ಮ ಪ್ರಕಟಣೆಯ ಪ್ರತಿ, ನಿಮ್ಮ ಇ-ಮೇಲಿನ ಪ್ರತಿ.